ಟರ್ಬೈನ್ ಎಂಜಿನ್ ನೆಲದ ಗಾಡಿಗಳಲ್ಲಿ ಯಾಕೆ ಬೇರೂರಲಿಲ್ಲ?

ನಾಲ್ಕುಗಾಲಿ:
1963ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಟರ್ಬೈನ್ ಎಂಜಿನ್ ಕಾರು ಮಾಡಿ, ಸಾಮಾನ್ಯ ಜನರ ಕೈಗೇ ಓಡಿಸೋಕೆ ಕೊಟ್ಟಿತ್ತು. ಒಟ್ಟು 55 ಕಾರು. ಶಕ್ತಿ 130 ಎಚ್‌ಪಿ ಅಷ್ಟೇ, ಆದರೆ ಟಾರ್ಕ್ (ತಿರುಗಿಸೋ ಬಲ) ಗಾಡಿ ನಿಂತಲ್ಲೇ 576 ನ್ಯೂಟನ್ ಮೀಟರ್! ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ, ಸ್ಪಾರ್ಕ್ ಪ್ಲಗ್ ಒಂದೇ ಒಂದು. ಪಿಸ್ಟನ್ ಮೇಲೆ ಕೆಳಗೆ ಹೋಗೋದಿಲ್ಲ, ಹಾಗಾಗಿ ನಡುಕವೂ ಇಲ್ಲ. ಡೀಸೆಲ್, ಸೀಮೆಎಣ್ಣೆ, ಸೀಸ ಬೆರೆಸದ ಪೆಟ್ರೋಲ್, ಯಾವುದು ಹಾಕಿದರೂ ಓಡ್ತಿತ್ತು.

ಇಷ್ಟೆಲ್ಲ ಇದ್ದೂ ಯಾಕೆ ಕೈಬಿಟ್ಟರು ಅಂತ ಕೇಳಿದರೆ "ಮೈಲೇಜ್ ಬರಲ್ಲ" ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ನನಗೆ ಸರಿಯಾದ ಕಾರಣ ಬೇಕು. ಇಂಧನ ಎಲ್ಲಿ ಹೋಗುತ್ತೆ? ಕಾರಿಗೆ ಆಗದ್ದು ಅಮೆರಿಕದ ಟ್ಯಾಂಕಿಗೆ ಹೇಗೆ ಆಯ್ತು? ಈಗ ಬ್ಯಾಟರಿ ಇದೆಯಲ್ಲ, ಅದರ ಜೊತೆ ಸೇರಿಸಿದರೆ ಆಗಲ್ವಾ?

ಥರ್ಮೋ_ಮೇಷ್ಟ್ರು:
ಮೈಲೇಜ್ ಬರಲ್ಲ ಅನ್ನೋದು ನಿಜ, ಆದರೆ ಅರ್ಧ ಉತ್ತರ. ಪೂರ್ತಿ ಲೋಡ್‌ನಲ್ಲಿ ಟರ್ಬೈನ್ ಅಷ್ಟೇನೂ ಕೆಟ್ಟದ್ದಲ್ಲ. ಅರೆ ಲೋಡ್‌ನಲ್ಲಿ ಸೋಲುತ್ತೆ, ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡ್ತಿರುವಾಗ, ಮಕಾಡೆ ಮಲಗುತ್ತೆ. ಟರ್ಬೈನ್ ಎಂಜಿನ್ ಅಂದರೆ ಇಷ್ಟೇ: ಕಂಪ್ರೆಸರ್ ಗಾಳಿ ಒತ್ತುತ್ತೆ, ಅದರಲ್ಲಿ ಇಂಧನ ಉರಿಯುತ್ತೆ, ಆ ಬಿಸಿ ಗಾಳಿ ಟರ್ಬೈನ್ ಅನ್ನೋ ಬ್ಲೇಡ್ ಚಕ್ರ ತಿರುಗಿಸುತ್ತೆ. ಒಂದು ಸಣ್ಣ ಲೆಕ್ಕ ಹಾಕೋಣ.

ಒಳಗೆ ಹೋಗೋ ಗಾಳಿ 15 ಡಿಗ್ರಿ. ಕಂಪ್ರೆಸರ್ ಅದನ್ನ 4 ಪಟ್ಟು ಒತ್ತುತ್ತೆ. ಕಂಪ್ರೆಸರ್ ದಕ್ಷತೆ 80% ಅಂತ ಹಿಡಿದರೆ ಗಾಳಿಯ ಶಾಖ 175 ಡಿಗ್ರಿ ಏರಿ 190 ಆಗುತ್ತೆ. ಅಲ್ಲಿಂದ ಇಂಧನ ಸುಟ್ಟು 927 ಡಿಗ್ರಿಗೆ ಒಯ್ಯಬೇಕು, ಅಂದರೆ 737 ಡಿಗ್ರಿಯಷ್ಟು ಶಾಖ ನಾವು ದುಡ್ಡು ಕೊಟ್ಟು ಸೇರಿಸಿದ್ದು. 85% ದಕ್ಷತೆಯ ಟರ್ಬೈನ್ ಅದರಿಂದ ವಾಪಸ್ ತೆಗೆಯೋದು 333 ಡಿಗ್ರಿ. ಅದರಲ್ಲಿ 175 ಕಂಪ್ರೆಸರ್ ತಿರುಗಿಸೋಕೇ ಹೋಯ್ತು. ಗಾಡಿಯ ಚಕ್ರಕ್ಕೆ ಉಳಿದದ್ದು 158. 158ನ್ನ 737ರಿಂದ ಭಾಗಿಸಿ: 21%. ಬೇರಿಂಗ್, ಗೇರು, ಸೋರಿಕೆ ಎಲ್ಲ ಕಳೆದರೆ ಇನ್ನೂ ಕಡಿಮೆ.

ಇದು ಪೂರ್ತಿ ಲೋಡ್ ಕಥೆ. ಆಕ್ಸಿಲರೇಟರ್ ಅರ್ಧ ಬಿಟ್ಟರೆ ಒತ್ತಡವೂ ಇಳಿಯುತ್ತೆ, ಉರಿಯ ಶಾಖವೂ ಇಳಿಯುತ್ತೆ. ಒತ್ತಡ ಎರಡೂವರೆ ಪಟ್ಟು, ಶಾಖ 727 ಡಿಗ್ರಿ ಅಂತ ಇಟ್ಟು ಅದೇ ಲೆಕ್ಕ ಮಾಡಿದರೆ 14-15% ಬರುತ್ತೆ. ಐಡಲ್‌ನಲ್ಲಿ ಟರ್ಬೈನ್ ದುಡಿದದ್ದೆಲ್ಲ ಕಂಪ್ರೆಸರ್‌ಗೇ ಸರಿಹೋಗುತ್ತೆ. ಕ್ರೈಸ್ಲರ್ ಕಾರು ಸಿಗ್ನಲ್‌ನಲ್ಲಿ ನಿಂತಾಗಲೂ ಒಳಗಿನ ಚಕ್ರ 18,000-22,000 ಆರ್‌ಪಿಎಂನಲ್ಲಿ ಸುತ್ತುತ್ತಲೇ ಇರಬೇಕಿತ್ತು. ಊರೊಳಗೆ ಓಡೋ ಕಾರಿಗೆ ಹೆಚ್ಚಿನ ಹೊತ್ತು 10-15 ಎಚ್‌ಪಿ ಸಾಕು. 130 ಎಚ್‌ಪಿ ಟರ್ಬೈನಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಗಿಯಾ_ಅಭಿಮಾನಿ:
ಸಣ್ಣ ತಿದ್ದುಪಡಿ. ಜನರಿಗೆ ಕೊಟ್ಟದ್ದು 50, ಅದಕ್ಕೂ ಮುಂಚೆ ಪರೀಕ್ಷೆಗೆ ಮಾಡಿದ್ದು 5. ಬಾಡಿ ಕಟ್ಟಿದ್ದು ಇಟಲಿಯ ಗಿಯಾ. ಒಬ್ಬೊಬ್ಬರಿಗೆ ಮೂರು ಮೂರು ತಿಂಗಳಂತೆ 203 ಜನರ ಕೈಗೆ ಹೋಗಿ ಬಂದವು, 1966ರ ಜನವರಿಗೆ ಕಾರ್ಯಕ್ರಮ ಮುಗೀತು. ಆಮೇಲೆ 46 ಕಾರು ನಾಶ ಮಾಡಿದರು, ಉಳಿದದ್ದು 9.

ನಾಲ್ಕುಗಾಲಿ:
ಮೇಷ್ಟ್ರೇ, ಆ ಕಾರಿನಲ್ಲಿ ಎಕ್ಸಾಸ್ಟ್ ಶಾಖ ವಾಪಸ್ ಹಿಡಿಯೋ ವ್ಯವಸ್ಥೆ ಇತ್ತಲ್ಲ? ನಿಮ್ಮ ಲೆಕ್ಕದಲ್ಲಿ ಅದನ್ನ ಸೇರಿಸಿಲ್ಲ.

ಥರ್ಮೋ_ಮೇಷ್ಟ್ರು:
ಬೇಕಂತಲೇ ಸೇರಿಸಿರಲಿಲ್ಲ, ಯಾಕಂದರೆ ಕಥೆಯ ತಿರುಳು ಅಲ್ಲೇ ಇದೆ. ಮೇಲಿನ ಲೆಕ್ಕದಲ್ಲಿ ಟರ್ಬೈನ್‌ನಿಂದ ಹೊರಬರೋ ಗಾಳಿ ಇನ್ನೂ ಹೆಚ್ಚುಕಮ್ಮಿ 594 ಡಿಗ್ರಿ ಇರುತ್ತೆ. ಕಂಪ್ರೆಸರ್‌ನಿಂದ ಬರೋದು 190 ಡಿಗ್ರಿ. ನಡುವಿನ 404 ಡಿಗ್ರಿಯಲ್ಲಿ 90% ವಾಪಸ್ ಹಿಡಿದರೆ ಇಂಧನದಿಂದ ಸೇರಿಸಬೇಕಾದ ಶಾಖ 737ರಿಂದ 373ಕ್ಕೆ ಇಳಿಯುತ್ತೆ. ಕಾಗದದ ಮೇಲೆ 42%! ಅದಕ್ಕೇ ಕಾರಿನ ಟರ್ಬೈನ್ ಮಾಡಿದವರೆಲ್ಲ ಶಾಖ ವಾಪಸ್ ಹಿಡಿಯೋ ಈ ರೀಜನರೇಟರ್ ಹಿಂದೆ ಬಿದ್ದಿದ್ದು. ಅರೆ ಲೋಡ್‌ನಲ್ಲೂ ಅದು ಬಹಳ ಕೈಹಿಡಿಯುತ್ತೆ. ಕ್ರೈಸ್ಲರ್ ಎಂಜಿನ್‌ನ ಎರಡೂ ಪಕ್ಕದಲ್ಲಿ ಒಂದೊಂದು ಇತ್ತು: ಜೇನುಗೂಡಿನಂಥ ಲೋಹದ ದೊಡ್ಡ ಬಿಲ್ಲೆ, ನಿಧಾನಕ್ಕೆ ತಿರುಗುತ್ತಾ ಎಕ್ಸಾಸ್ಟ್‌ನಲ್ಲಿ ಕಾದು, ಆ ಶಾಖವನ್ನ ಒಳಬರೋ ಗಾಳಿಗೆ ಕೊಡೋದು. ಎಕ್ಸಾಸ್ಟ್ ಅಷ್ಟು ತಣ್ಣಗೆ ಇದ್ದದ್ದಕ್ಕೆ ಕಾರಣ ಇದೇ.

ತೊಂದರೆ ಸೀಲ್‌ನಲ್ಲಿ. ಬಿಲ್ಲೆಯ ಒಂದು ಭಾಗದಲ್ಲಿ 4 ಪಟ್ಟು ಒತ್ತಡದ ಗಾಳಿ, ಇನ್ನೊಂದು ಭಾಗದಲ್ಲಿ ಹೊರಗಿನ ಒತ್ತಡ. ನಡುವೆ ಉಜ್ಜಿಕೊಂಡು ನಿಂತ ಸೀಲ್, ಅದೂ ನೂರಾರು ಡಿಗ್ರಿಯಲ್ಲಿ, ಎಣ್ಣೆ ಇಲ್ಲದೆ. ಬಿಲ್ಲೆ ಕಾದು ಸ್ವಲ್ಪ ಡೊಂಕಾದರೂ ಸೋರುತ್ತೆ. ಒತ್ತಿದ ಗಾಳಿ ಸೋರಿದರೆ ಅದಕ್ಕೆ ಹಾಕಿದ ಕೆಲಸವೂ ಹೋಯ್ತು.

ಪೀಣ್ಯ_ಟೂಲ್‌ರೂಮ್:
"ಬಿಡಿಭಾಗ ಕಡಿಮೆ, ಹಾಗಾಗಿ ಅಗ್ಗ" ಅನ್ನೋ ವಾದ ಈ ವಿಷಯ ಬಂದಾಗೆಲ್ಲ ಬರುತ್ತೆ. ಅದನ್ನ ಒಪ್ಪೋಕೆ ಆಗಲ್ಲ. ಭಾಗ ಎಷ್ಟು ಅನ್ನೋದಲ್ಲ, ಒಂದೊಂದು ಭಾಗಕ್ಕೆ ಯಾವ ಲೋಹ, ಯಾವ ಟಾಲರೆನ್ಸ್ (ಅಳತೆ ಎಷ್ಟು ನಿಖರ) ಅನ್ನೋದು ಮುಖ್ಯ.

ಕ್ರೈಸ್ಲರ್ ಎಂಜಿನ್ ಗರಿಷ್ಠ 44,600 ಆರ್‌ಪಿಎಂ. 10 ಸೆಂ.ಮೀ. ವ್ಯಾಸದ ಒಂದು ಚಕ್ರ ಆ ವೇಗದಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 233 ಮೀಟರ್. ಅಂಚಿನಲ್ಲಿರೋ 1 ಗ್ರಾಂ ಲೋಹ ಹೊರಕ್ಕೆ 110 ಕಿಲೋ ಬಲದಲ್ಲಿ ಎಳೆಯುತ್ತೆ. ಇದು ಕೆಂಪಗೆ ಕಾದ ಸ್ಥಿತಿಯಲ್ಲಿ! ಮಾಮೂಲಿ ಉಕ್ಕು ನಿಧಾನಕ್ಕೆ ಉದ್ದ ಆಗಿ ಕೇಸಿಂಗ್‌ಗೆ ತಾಗುತ್ತೆ. ನಿಕ್ಕಲ್ ಮಿಶ್ರಲೋಹವೇ ಬೇಕು, ಅದನ್ನ ಮೇಣದ ಅಚ್ಚಿನ ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್‌ನಲ್ಲಿ ಎರಕ ಹೊಯ್ದು, ಒಂದೊಂದನ್ನೂ ಎಕ್ಸ್‌ರೇ ನೋಡಿ, ಬ್ಯಾಲೆನ್ಸ್ ಮಾಡಬೇಕು.

ಎರಡನೇದು ಸೈಜು. ಬ್ಲೇಡ್ ತುದಿಗೂ ಕೇಸಿಂಗ್‌ಗೂ ಮಧ್ಯೆ 0.3 ಮಿ.ಮೀ. ಸಂದು ಬಿಡಲೇಬೇಕು. ವಿಮಾನದ ಎಂಜಿನ್‌ನ 100 ಮಿ.ಮೀ. ಬ್ಲೇಡಿಗೆ ಆ ಸಂದು ಲೆಕ್ಕಕ್ಕೇ ಬರಲ್ಲ. ಕಾರಿನ 10 ಮಿ.ಮೀ. ಬ್ಲೇಡಿಗೆ ಅದು ಎತ್ತರದ 3%, ಗಾಳಿ ಅಲ್ಲೇ ನುಸುಳಿ ಹೋಗುತ್ತೆ. ದೊಡ್ಡ ಎಂಜಿನ್‌ನಲ್ಲಿ ಬ್ಲೇಡಿನ ಒಳಗೆ ತೂತು ಮಾಡಿ ತಣ್ಣನೆ ಗಾಳಿ ಹಾಯಿಸ್ತಾರೆ, ಹಾಗಾಗಿ ಇನ್ನೂ ಬಿಸಿ ಉರಿ ತಡೆಯುತ್ತೆ. 10 ಮಿ.ಮೀ. ಬ್ಲೇಡಲ್ಲಿ ಆ ತೂತು ಎಲ್ಲಿ ಕೊರೀತೀರ?

ಥರ್ಮೋ_ಮೇಷ್ಟ್ರು:
ಇದಕ್ಕೆ ಒಂದು ಸಂಖ್ಯೆ ಸೇರಿಸ್ತೀನಿ. ನನ್ನ ಮೊದಲ ಲೆಕ್ಕದಲ್ಲಿ ಕಂಪ್ರೆಸರ್ ದಕ್ಷತೆ 80ರಿಂದ 70ಕ್ಕೆ ಇಳಿಸಿ ನೋಡಿ. ಚಕ್ರಕ್ಕೆ ಸಿಗೋ ಕೆಲಸ 158ರಿಂದ 133ಕ್ಕೆ ಬೀಳುತ್ತೆ. ತುದಿ ಸವೆದರೆ ಎಚ್‌ಪಿ ಹೀಗೆ ಕರಗುತ್ತೆ.

ಸೆರಾಮಿಕ್:
ಬ್ಲೇಡ್ ತಂಪು ಮಾಡೋ ಗೋಜೇ ಬೇಡ, ಸಿಲಿಕಾನ್ ನೈಟ್ರೈಡ್ ಅನ್ನೋ ಸೆರಾಮಿಕ್‌ನಿಂದ ಮಾಡಿ. 1980ರ ದಶಕದಲ್ಲಿ ಅಮೆರಿಕದ ಇಂಧನ ಇಲಾಖೆ ದುಡ್ಡಲ್ಲಿ ಎಜಿಟಿ-100, ಎಜಿಟಿ-101 ಅಂತ ಎರಡು ಎಂಜಿನ್ ಯೋಜನೆ ನಡೆದದ್ದು ಇದಕ್ಕೇ.

ಪೀಣ್ಯ_ಟೂಲ್‌ರೂಮ್:
ನಡೆದವು, ಆದರೆ ಅಂಗಡಿಗೆ ಬಂದವಾ? ಸೆರಾಮಿಕ್ ಶಾಖ ತಡೆಯುತ್ತೆ, ಪೆಟ್ಟು ತಡೆಯಲ್ಲ. ಕಂಬಶ್ಚನ್ ಚೇಂಬರ್‌ನಲ್ಲಿ ಕಟ್ಟಿಕೊಂಡ ಮಸಿಯ ಒಂದು ಚೂರು ಕಳಚಿ ಬಂದು ಬಡಿದರೆ ಸಾಕು. ಲೋಹದ ಬ್ಲೇಡ್ ಬಾಗುತ್ತೆ, ಸೆರಾಮಿಕ್ ಚೂರಾಗುತ್ತೆ, ಆ ಚೂರು ಹಿಂದಿನ ಸಾಲನ್ನೂ ತೆಗೆಯುತ್ತೆ.

ಹುಬ್ಬಳ್ಳಿ_ಲೋಕೋ:
ರೈಲಿನ ಮಾತು ಯಾರೂ ಎತ್ತಲಿಲ್ಲಲ್ರಿ! ಯೂನಿಯನ್ ಪೆಸಿಫಿಕ್ ರೈಲ್ವೆದವ್ರು 1952ರಿಂದ 1969ರ ಕೊನೀತನಕ ಟರ್ಬೈನ್ ಲೋಕೋ ಓಡಿಸ್ಯಾರ. ಒಂದೆರಡಲ್ಲ, 55 ಲೋಕೋ. ಕೊನೀ ಸರಣಿ ಒಂದೊಂದು 8,500 ಎಚ್‌ಪಿ. ಟರ್ಬೈನ್ ಜನರೇಟರ್ ತಿರುಗಸ್ತಿತ್ತು, ಜನರೇಟರ್ ಮೋಟರಿಗೆ ಕರೆಂಟ್ ಕೊಡತಿತ್ತು. ಉದ್ದನ್ನ ಮಾಲಗಾಡಿ, ಬೆಟ್ಟದ ಏರು, ತಾಸಗಟ್ಟಲೆ ಫುಲ್ ಲೋಡ್. ಮೇಷ್ಟ್ರು ಹೇಳಿದ ಅರೆ ಲೋಡಿನ ತ್ರಾಸು ಅಲ್ಲಿ ಕಡಿಮಿ.

ಅವ್ರ ಗುಟ್ಟು ಇಂಧನದೊಳಗ ಇತ್ತು ನೋಡ್ರಿ. ಬಂಕರ್ ಸಿ ಅಂತ, ರಿಫೈನರಿ ತಳದಾಗ ಉಳಿಯೋ ಡಾಂಬರಿನಂಥ ಎಣ್ಣಿ. ಆಗ ಅದನ್ನ ಕೇಳವ್ರ ಇರಲಿಲ್ಲ, ಬಾಳ ಸೋವಿ. ಸುಮಾರು 93 ಡಿಗ್ರಿಗೆ ಕಾಸಿದ ಮ್ಯಾಲೆ ಹರೀತಿತ್ತು. ಡೀಸೆಲ್ ಮ್ಯಾಲೆ ಚಾಲೂ ಮಾಡಿ, ಕಾದ ಮ್ಯಾಲೆ ಬಂಕರಿಗೆ ಬದಲಿ ಮಾಡೋದು. ಆದ್ರ ಆ ಎಣ್ಣಿಯೊಳಗಿನ ಗಂಧಕ, ಬೂದಿ ಬ್ಲೇಡ್ ತಿಂದು ಹಾಕತಿದ್ವು. ಮುಂದ ಪ್ಲಾಸ್ಟಿಕ್ ಉದ್ಯಮ, ಹೊಸ ರಿಫೈನರಿ ಪದ್ಧತಿ ಬಂದು ಆ ಎಣ್ಣಿಗೂ ಬೆಲೆ ಬಂತು. ಸೋವಿ ಎಣ್ಣಿ ಹೋತು, ಟರ್ಬೈನೂ ಹೋತು.

ಕಲ್ಲಿದ್ದಲ ಪುಡಿ ಸುಡೋ ಟರ್ಬೈನೂ 1962ರಾಗ ಮಾಡಿ ನೋಡಿದ್ರು. ಬೂದಿ ಬ್ಲೇಡನ್ನ ಮರಳು ಕಾಗದದಂಗ ಸವಸಿತು. ಒಂದ ಲೋಕೋಕ್ಕ ನಿಂತಿತು.

ಮಲ್ನಾಡ್_ಡೀಸೆಲ್:
ರೈಲಲ್ಲೂ ಯಾವಾಗಲೂ ಫುಲ್ ಲೋಡ್ ಇರಲ್ಲ ಸ್ವಾಮಿ. ಇಳಿಜಾರು, ಕ್ರಾಸಿಂಗ್‌ಗೆ ಕಾಯೋದು, ಯಾರ್ಡ್‌ನಲ್ಲಿ ಶಂಟಿಂಗ್?

ಹುಬ್ಬಳ್ಳಿ_ಲೋಕೋ:
ಅದಕ್ಕ ಅವ್ರು ಲೋಕೋದೊಳಗ ಸಣ್ಣ ಡೀಸೆಲ್ ಎಂಜಿನ್ ಬ್ಯಾರೆ ಇಟ್ಟಿದ್ರು. ಯಾರ್ಡಿನಾಗ ಅತ್ತಿತ್ತ ಸರಿಸಾಕ ಅದ, ಟರ್ಬೈನ್ ಚಾಲೂ ಮಾಡಾಕೂ ಅದ. ಫ್ರಾನ್ಸಿನವ್ರದು ನೋಡ್ರಿ: ಅವ್ರ ಅತಿ ವೇಗದ ರೈಲು ಟಿಜಿವಿ, ಅದರಾಗ ಮೊದಲನೇದು, 001 ನಂಬರಿಂದು, ಕರೆಂಟಿನ ತಂತಿ ಇಲ್ಲದ ಟರ್ಬೈನ್ ಗಾಡಿ. 1972ರ ಡಿಸೆಂಬರ್ 8ಕ್ಕ ತಾಸಿಗೆ 318 ಕಿ.ಮೀ. ಓಡಿತು. ಮರುವರ್ಷ ಎಣ್ಣಿ ಬಿಕ್ಕಟ್ಟು ಬಂತು, ಪೂರಾ ಯೋಜನಾನ ಕರೆಂಟಿಗೆ ತಿರುಗಸಿದ್ರು. ಗಾಡಿ ಕೆಟ್ಟಿದ್ದಕ್ಕಲ್ಲ, ಎಣ್ಣಿ ರೇಟಿಗೆ.

ಕವಚ:
ಟ್ಯಾಂಕ್ ಪ್ರಶ್ನೆಗೆ ಬರ್ತೀನಿ. ಅಮೆರಿಕದ ಎಂ1 ಏಬ್ರಾಮ್ಸ್ 1980ರಲ್ಲಿ ಸೇನೆಗೆ ಸೇರಿತು. ಎಜಿಟಿ-1500 ಟರ್ಬೈನ್, 1,500 ಎಚ್‌ಪಿ, ಎಂಜಿನ್ ತೂಕ 1,100 ಕಿಲೋ ಚಿಲ್ಲರೆ. ಎಕ್ಸಾಸ್ಟ್ ಶಾಖ ಹಿಡಿಯೋ ರಿಕ್ಯೂಪರೇಟರ್ ಒಳಗೇ ಇದೆ, ತಿರುಗೋದಲ್ಲ, ಸ್ಥಿರವಾದದ್ದು, ಹಾಗಾಗಿ ಮೇಲೆ ಹೇಳಿದ ಸೀಲ್ ಗೋಳು ಕಡಿಮೆ.

ಸೇನೆ ಅದನ್ನ ಒಪ್ಪಿದ್ದಕ್ಕೆ ಕಾರಣಗಳಿವೆ. ನಿಂತಲ್ಲಿಂದ ಚುರುಕಾಗಿ ಎದ್ದು ಹೋಗುತ್ತೆ. ಹೊಗೆ ಇಲ್ಲ, ಡೀಸೆಲ್‌ನ ಗುಡುಗಿಲ್ಲ, ದೂರದಿಂದ ಸದ್ದು ಕೇಳೋದೇ ಕಡಿಮೆ. ಕೊರೆಯೋ ಚಳಿಯಲ್ಲಿ ಕಾಯಿಸೋ ಪೂಜೆ ಇಲ್ಲದೆ ಸ್ಟಾರ್ಟ್ ಆಗುತ್ತೆ. 1,500 ಎಚ್‌ಪಿ ಡೀಸೆಲ್ ಹಾಕಿದರೆ ಅದರ ಕೂಲಿಂಗ್ ಫ್ಯಾನ್‌ಗಳೇ ನೂರು ಎಚ್‌ಪಿಗಿಂತ ಹೆಚ್ಚು ತಿನ್ನುತ್ತವೆ, ಇಲ್ಲಿ ಆ ಖರ್ಚಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೆ ಎತ್ತಿ, ನುರಿತ ತಂಡ ಒಂದು ಗಂಟೆಯೊಳಗೆ ಬದಲಾಯಿಸುತ್ತೆ.

ಬೆಲೆ ಏನು ಕೊಡಬೇಕು? ಟ್ಯಾಂಕಿನಲ್ಲಿ ಸುಮಾರು 1,900 ಲೀಟರ್ ಇಂಧನ, ಓಟ 425 ಕಿ.ಮೀ. ಆಸುಪಾಸು. ಕಿಲೋಮೀಟರಿಗೆ ನಾಲ್ಕೂವರೆ ಲೀಟರ್. ಅಷ್ಟೇ ಎಚ್‌ಪಿಯ ಡೀಸೆಲ್ ಇರೋ ಜರ್ಮನಿಯ ಲೆಪರ್ಡ್ 2 ಹೆಚ್ಚುಕಮ್ಮಿ 1,160 ಲೀಟರಲ್ಲಿ ಅಷ್ಟೇ ದೂರ ಹೋಗುತ್ತೆ. ಏಬ್ರಾಮ್ಸ್ ನಿಂತಲ್ಲೇ ಗಂಟೆಗೆ 40 ಲೀಟರ್ ಹತ್ತಿರ ಕುಡಿಯುತ್ತೆ. ಟ್ಯಾಂಕ್ ಜೀವನದ ಹೆಚ್ಚಿನ ಹೊತ್ತು ನಿಂತೇ ಇರುತ್ತೆ: ರೇಡಿಯೋ, ಥರ್ಮಲ್ ಕ್ಯಾಮೆರಾ, ಗೋಪುರದ ಮೋಟರ್ ನಡೀಬೇಕಲ್ಲ. ಅದಕ್ಕೇ ಇತ್ತೀಚಿನ ಮಾದರಿಗಳಲ್ಲಿ ಕರೆಂಟಿಗೆ ಅಂತ ಪ್ರತ್ಯೇಕ ಸಣ್ಣ ಘಟಕ ಸೇರಿಸಿದ್ದಾರೆ.

ಬಯಲುಸೀಮೆ:
ಇಂಧನದ ಟ್ಯಾಂಕರ್ ಬೆನ್ನಿಗೆ ಇದ್ದರೆ ಟರ್ಬೈನ್, ಇಲ್ಲದಿದ್ದರೆ ಡೀಸೆಲ್. ರಷ್ಯಾದ ಟಿ-80ಗಳು 1994-95ರಲ್ಲಿ ಚೆಚೆನ್ಯಾದ ಗ್ರೋಜ್ನಿ ಊರಿನ ಕಾಳಗದಲ್ಲಿ ಉರಿದುಹೋಗಿದ್ದು ಈ ಟರ್ಬೈನಿಂದಲೇ ತಾನೇ?

ಕವಚ:
ಅಷ್ಟು ಸರಳ ಅಲ್ಲ. ಐಡಲ್‌ನಲ್ಲಿ ಇಂಧನ ಖಾಲಿ ಮಾಡಿಕೊಂಡದ್ದು ನಿಜ, ಅದು ಒಂದು ಕಾರಣ. ಸಿಬ್ಬಂದಿಗೆ ಆ ಟ್ಯಾಂಕಿನ ತರಬೇತಿ ಸಾಲದು, ಕಾಲಾಳು ಜೊತೆಗಿಲ್ಲ, ಸ್ಫೋಟಕ ಕವಚದ ಇಟ್ಟಿಗೆಗಳು ತುಂಬಿರಲಿಲ್ಲ. ಅದರ ಮೇಲೆ ಗೋಪುರದ ಕೆಳಗೆ ಸುತ್ತಲೂ ನಿಲ್ಲಿಸಿಟ್ಟ ಮದ್ದು. ಪಕ್ಕದಿಂದ ಆರ್‌ಪಿಜಿ (ಹೆಗಲ ಮೇಲಿಂದ ಹಾರಿಸೋ ರಾಕೆಟ್) ಹೊಕ್ಕರೆ ಒಳಗೆ ಯಾವ ಎಂಜಿನ್ ಇದೆ ಅನ್ನೋದು ಲೆಕ್ಕಕ್ಕೆ ಬರಲ್ಲ. ಅದೇ ಟ್ಯಾಂಕಿನ ಡೀಸೆಲ್ ಮಾದರಿ ಟಿ-80ಯುಡಿಯನ್ನೇ ಪಾಕಿಸ್ತಾನ ಉಕ್ರೇನಿನಿಂದ 1990ರ ದಶಕದ ಕೊನೆಗೆ 320 ಕೊಂಡಿತು. ಮರುಭೂಮಿಯಲ್ಲಿ ಕಾದಾಡೋ ಸೇನೆ ಯಾವ ಎಂಜಿನ್ ಆರಿಸಿತು ನೋಡಿ.

ಸ್ವೀಡನ್‌ನವರು ಎಲ್ಲರಿಗಿಂತ ಮೊದಲೇ, 1967ರಲ್ಲಿ, ಎಸ್-ಟ್ಯಾಂಕ್ ಅಂತ ತಂದರು. ಒಳಗೆ ಎರಡು ಎಂಜಿನ್: ಮಾಮೂಲಿ ಓಡಾಟಕ್ಕೆ ಡೀಸೆಲ್, ಚುರುಕು ಬೇಕಾದಾಗ ಮತ್ತು ಕಡು ಚಳಿಯಲ್ಲಿ ಟರ್ಬೈನ್. ಟರ್ಬೈನ್ ಗುಣ ಅರಿತು ಮಾಡಿದ ಹಂಚಿಕೆ ಅಂದರೆ ನನ್ನ ಪ್ರಕಾರ ಇದೇ.

ಫಿಲ್ಟರ್:
ಧೂಳಿನ ವಿಷಯ ಬಿಟ್ಟರೆ ಈ ಚರ್ಚೆ ಅಪೂರ್ಣ. ಪೆಟ್ರೋಲ್ ಎಂಜಿನ್ ಒಂದು ಕಿಲೋ ಇಂಧನಕ್ಕೆ 15 ಕಿಲೋ ಗಾಳಿ ತಗೊಂಡರೆ, ಟರ್ಬೈನ್ 60 ಕಿಲೋ ಹತ್ತಿರ ತಗೊಳ್ಳುತ್ತೆ. ಸುಡೋಕೆ ಅಷ್ಟು ಬೇಡ, ಉರಿಯನ್ನ ಬ್ಲೇಡ್ ತಡೆಯೋಷ್ಟು ತಣ್ಣಗೆ ಮಾಡೋಕೆ ಬೇಕು. 1,500 ಎಚ್‌ಪಿಗೆ ಸೆಕೆಂಡಿಗೆ 5 ಕಿಲೋ, ಅಂದರೆ 4 ಘನ ಮೀಟರ್. ಮುಂದಿನ ಟ್ಯಾಂಕ್ ಎಬ್ಬಿಸಿದ ಧೂಳಲ್ಲಿ ಘನ ಮೀಟರಿಗೆ 1 ಗ್ರಾಂ ಇದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 14 ಕಿಲೋ ಧೂಳು ಫಿಲ್ಟರ್ ಬಾಗಿಲಿಗೆ ಬಂತು!

ಡೀಸೆಲ್‌ಗೂ ಕೂಲಿಂಗ್ ಗಾಳಿ ಬೇಕು, ಆದರೆ ಅದನ್ನ ಸೋಸಬೇಕಿಲ್ಲ. ಟರ್ಬೈನಿಗೆ ಅಷ್ಟೂ ಗಾಳಿ ಸೋಸಲೇಬೇಕು. 1991ರ ಕೊಲ್ಲಿ ಯುದ್ಧದಲ್ಲಿ ಏಬ್ರಾಮ್ಸ್ ಸಿಬ್ಬಂದಿ ನಿಂತಾಗೆಲ್ಲ ಫಿಲ್ಟರ್ ಹೊರಗೆ ತೆಗೆದು ಕೊಡವೋದೇ ದೊಡ್ಡ ಕೆಲಸ ಆಗಿತ್ತು. ಫಿಲ್ಟರ್ ಕಟ್ಟಿದರೆ ಮೊದಲು ಶಕ್ತಿ ಇಳಿಯುತ್ತೆ, ಆಮೇಲೆ ಗಾಳಿ ಸಾಲದೆ ಒಳಗಿನ ಶಾಖ ಏರುತ್ತೆ. ಸೀಲ್ ಸರಿಯಾಗಿ ಕೂರಿಸದೆ ಧೂಳು ಒಳಗೆ ಹೋದರೆ ಕಂಪ್ರೆಸರ್ ಬ್ಲೇಡಿನ ಮುಂದಿನ ಅಂಚು ಸವೆಯುತ್ತೆ, ಅದು ಕೂರಿಸಿದವನ ತಪ್ಪು, ಎಂಜಿನಿನದಲ್ಲ.

ರಷ್ಯನ್ನರ ದಾರಿ ಬೇರೆ. ಕಾಗದದ ಫಿಲ್ಟರ್ ಬದಲು ಸುಳಿಗಾಳಿಯಲ್ಲಿ ಧೂಳು ಬೇರ್ಪಡಿಸೋ ಸೈಕ್ಲೋನ್. ಕಟ್ಟಿಕೊಳ್ಳಲ್ಲ, ಆದರೆ ಸಣ್ಣ ಧೂಳು ನುಸುಳುತ್ತೆ. ಅದು ಟರ್ಬೈನ್ ಬ್ಲೇಡಿಗೆ ಅಂಟಿ ಗಟ್ಟಿಯಾಗುತ್ತೆ ಅಂತ ಬ್ಲೇಡನ್ನೇ ನಡುಗಿಸಿ ಉದುರಿಸೋ ಏರ್ಪಾಟು ಎಂಜಿನ್ ಒಳಗೇ ಇಟ್ಟರು.

ನಾಲ್ಕುಗಾಲಿ:
ಹಾಗಾದರೆ ನಮ್ಮ ರಾಜಸ್ಥಾನಕ್ಕೆ ಆಗಿಬರಲ್ಲ. ಲಡಾಖ್‌ಗೆ? ತಣ್ಣನೆ ಗಾಳಿ, ಧೂಳು ಕಡಿಮೆ.

ಥರ್ಮೋ_ಮೇಷ್ಟ್ರು:
ರಾಜಸ್ಥಾನದಲ್ಲಿ ಧೂಳಷ್ಟೇ ಅಲ್ಲ, ಬಿಸಿಲೂ ಶತ್ರು. 15 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೂ ಶಕ್ತಿ ಮುಕ್ಕಾಲು ಪರ್ಸೆಂಟ್ ಹತ್ತಿರ ಇಳಿಯುತ್ತೆ. 45 ಡಿಗ್ರಿ ಬಿಸಿಲಲ್ಲಿ ಐದನೇ ಒಂದು ಭಾಗ ಹೋಯ್ತು ಅಂತಲೇ ಲೆಕ್ಕ. ಲಡಾಖ್‌ನಲ್ಲಿ ಗಾಳಿ ತಣ್ಣಗಿದ್ದರೂ ತೆಳು. 4,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ 63%. ಟರ್ಬೈನ್ ಶಕ್ತಿ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಬೀಳುತ್ತೆ. ಟರ್ಬೋಚಾರ್ಜರ್ ಇರೋ ಡೀಸೆಲ್ ಸ್ವಲ್ಪ ಹೆಚ್ಚು ಒತ್ತಿ ಆ ನಷ್ಟದ ಒಂದು ಪಾಲು ತುಂಬಿಕೊಳ್ಳುತ್ತೆ.

ಎಚ್‌ಎಎಲ್_ಗೇಟ್:
ಎತ್ತರದಲ್ಲಿ ಆಗಲ್ಲ ಅಂತ ಯಾಕೆ ಹೇಳ್ತೀರ? ಬೆಂಗಳೂರಲ್ಲೇ ತಯಾರಾಗೋ 'ಶಕ್ತಿ' ಹೆಸರಿನ ಟರ್ಬೈನ್ ಹಾಕಿದ ಧ್ರುವ್ ಹೆಲಿಕಾಪ್ಟರ್ ಸಿಯಾಚಿನ್ ಕಡೆ ಹಾರುತ್ತಲ್ಲ.

ಕವಚ:
ಹಾರುತ್ತೆ, ಆದರೆ ಅಲ್ಲಿ ಲೆಕ್ಕಾಚಾರವೇ ಬೇರೆ. ಸಾವಿರಕ್ಕೂ ಹೆಚ್ಚು ಎಚ್‌ಪಿ ಸುಮಾರು 200 ಕಿಲೋ ತೂಕದಲ್ಲಿ ಸಿಗುತ್ತೆ ಅಂದರೆ ಹೆಲಿಕಾಪ್ಟರಿಗೆ ಇಂಧನ ಎಷ್ಟು ಕುಡಿದರೂ ಅದೇ ಬೇಕು. ಎತ್ತರಕ್ಕೆ ಅಂತ ಶಕ್ತಿ ಮೊದಲೇ ಹೆಚ್ಚಿಟ್ಟಿರ್ತಾರೆ. 60 ಟನ್ ಟ್ಯಾಂಕಿಗೆ ಒಂದು ಟನ್ ಉಳಿಸಿದರೆ ಸಿಗೋದು ಕಡಿಮೆ, ಅದನ್ನೂ ಹೆಚ್ಚುವರಿ ಇಂಧನ ತಿಂದುಹಾಕುತ್ತೆ. ನಮ್ಮ ಅರ್ಜುನ್ ಟ್ಯಾಂಕ್ 1,400 ಎಚ್‌ಪಿಯ ಜರ್ಮನ್ ಡೀಸೆಲ್ ಮೇಲೆ ಓಡುತ್ತೆ. ಮುಂದಿನದಕ್ಕೆ ಅಂತ 1,500 ಎಚ್‌ಪಿಯ ದೇಶೀ ಎಂಜಿನ್ 2024ರ ಮಾರ್ಚ್‌ನಲ್ಲಿ ಮೈಸೂರಿನ ಬಿಇಎಂಎಲ್‌ನಲ್ಲಿ ಮೊದಲ ಸಲ ಉರಿಸಿ ನೋಡಿದರು. ಅದೂ ಡೀಸೆಲ್, ಕಾಮನ್ ರೈಲ್. ಸರಿಯಾದ ಆಯ್ಕೆ ಅಂತಲೇ ನಾನು ಹೇಳೋದು.

ಮಲ್ನಾಡ್_ಡೀಸೆಲ್:
ಲಾರಿಗೆ ಹಾಕಿದರು ಅಂತ ಇಟ್ಕೊಳ್ಳಿ, ಶಿರಾಡಿ ಘಾಟಿ ಇಳಿಯುವಾಗ ಎಂಜಿನ್ ಬ್ರೇಕ್ (ಕಾಲು ತೆಗೆದಾಗ ಎಂಜಿನ್ನೇ ಗಾಡಿ ಹಿಡಿದಿಡೋದು) ಸಿಗುತ್ತಾ? ಅದಿಲ್ಲದೆ ಲೋಡ್ ಗಾಡಿ ಇಳಿಸೋ ಡ್ರೈವರ್ ಯಾರೂ ಇಲ್ಲ.

ಥರ್ಮೋ_ಮೇಷ್ಟ್ರು:
ಒಳ್ಳೇ ಪ್ರಶ್ನೆ. ಚಕ್ರಕ್ಕೆ ಜೋಡಿಸಿದ ಪವರ್ ಟರ್ಬೈನಿಗೂ ಕಂಪ್ರೆಸರ್ ತಿರುಗಿಸೋ ಟರ್ಬೈನಿಗೂ ಮಧ್ಯೆ ಗಾಳಿಯ ಸಂಬಂಧ ಬಿಟ್ಟರೆ ಶಾಫ್ಟ್ ಇಲ್ಲ. ನಿಂತಲ್ಲೇ ಅಷ್ಟು ಟಾರ್ಕ್ ಬರೋದು ಇದರಿಂದಲೇ, ಎಂಜಿನ್ ಬ್ರೇಕ್ ಸಿಗದೇ ಇರೋದೂ ಇದರಿಂದಲೇ. ಕ್ರೈಸ್ಲರ್‌ನವರು ಪವರ್ ಟರ್ಬೈನ್ ಮುಂದಿನ ನಾಝಲ್ ರೆಕ್ಕೆಗಳನ್ನ ತಿರುಗೋ ಹಾಗೆ ಮಾಡಿದರು. ಕಾಲು ತೆಗೆದರೆ ರೆಕ್ಕೆ ಉಲ್ಟಾ ಕೋನಕ್ಕೆ ಹೋಗಿ ಗಾಳಿ ಟರ್ಬೈನಿಗೆ ಎದುರು ಬಡಿಯುತ್ತೆ, ಗಾಡಿ ನಿಧಾನ ಆಗುತ್ತೆ. ಟಿ-80ಯಲ್ಲೂ ಇದೇ ಉಪಾಯ. ಕೆಲಸ ಮಾಡುತ್ತೆ, ಆದರೆ ಕೆಂಪಗೆ ಕಾದ ಜಾಗದಲ್ಲಿ ಇನ್ನಷ್ಟು ಕೀಲು, ಇನ್ನಷ್ಟು ಸವೆತ. 40 ಟನ್ ಲಾರಿಗೆ ಇದರ ಜೊತೆ ಬೇರೆ ರಿಟಾರ್ಡರ್ (ವೇಗ ತಗ್ಗಿಸೋ ಸಾಧನ) ಬೇಕೇಬೇಕು.

ಇಂಡಿ500:
ರೇಸ್ ಬಗ್ಗೆ ಒಂದು ಮಾತು. 1967ರ ಇಂಡಿಯಾನಾಪೊಲಿಸ್‌ನಲ್ಲಿ ಪಾರ್ನೆಲಿ ಜೋನ್ಸ್ ಟರ್ಬೈನ್ ಕಾರಿನಲ್ಲಿ 200 ಸುತ್ತಿನ ರೇಸಲ್ಲಿ ಇನ್ನೇನು ಮೂರೇ ಸುತ್ತು ಅನ್ನುವಾಗ ಮುಂದಿದ್ದ. ಗೇರ್‌ಬಾಕ್ಸಿನ ಒಂದು ಸಣ್ಣ ಬೇರಿಂಗ್ ಹೋಗಿ ನಿಂತ. ಮರುವರ್ಷಕ್ಕೆ ಸಂಘಟಕರು ಗಾಳಿ ಒಳಹೋಗೋ ಬಾಯಿಯನ್ನ ಸುಮಾರು 24 ಚದರ ಇಂಚಿಂದ 16ಕ್ಕೆ ಕುಗ್ಗಿಸಿದರು. ಅಷ್ಟಾದರೂ ಲೋಟಸ್ 56 ಅನ್ನೋ ಟರ್ಬೈನ್ ಕಾರಿನಲ್ಲಿ ಜೋ ಲಿಯೊನಾರ್ಡ್ ಕೊನೆಕೊನೆಗೆ ಮುಂದಿದ್ದ, ಫ್ಯೂಯಲ್ ಪಂಪ್ ಶಾಫ್ಟ್ ಮುರಿದು ಉರಿ ಆರಿತು. ಎರಡೂ ಸಲ ಟರ್ಬೈನ್ ಕೆಟ್ಟಿಲ್ಲ ಅನ್ನೋದು ಗಮನಿಸಿ.

ಪೀಣ್ಯ_ಟೂಲ್‌ರೂಮ್:
ಓವಲ್ ಟ್ರ್ಯಾಕ್ ಅದು, ಕಾಲು ತೆಗೆಯೋ ಪ್ರಸಂಗ ಕಡಿಮೆ. 1971ರಲ್ಲಿ ಅದೇ ಲೋಟಸ್ಸಿನ 56ಬಿ ಫಾರ್ಮುಲಾ ಒನ್‌ಗೆ ಬಂದು ಏನೂ ಗೆಲ್ಲಲಿಲ್ಲ. ತಿರುವಿನಿಂದ ಹೊರಬರುವಾಗ ಕಾಲೊತ್ತಿದರೆ ಶಕ್ತಿ ತಡವಾಗಿ ಬರ್ತಿತ್ತು, ಡ್ರೈವರ್ ಮೊದಲೇ ಒತ್ತಿಕೊಂಡು ಬ್ರೇಕ್‌ನಲ್ಲಿ ತಡೀಬೇಕಿತ್ತು.

ಹೊಂಗೆಎಣ್ಣೆ:
ಯಾವ ಎಣ್ಣೆ ಹಾಕಿದರೂ ಓಡುತ್ತೆ ಅಂದರಲ್ಲ, ಹೊಂಗೆ ಎಣ್ಣೆ?

ಥರ್ಮೋ_ಮೇಷ್ಟ್ರು:
ಉರಿಯುತ್ತೆ, ಆದರೆ ಹಾಗೇ ಸುರಿದರೆ ಅಲ್ಲ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಸ್ಪ್ರೇ ನಾಝಲ್‌ನಲ್ಲಿ ಮಂಜಾಗದೆ ಹನಿಹನಿಯಾಗಿ ಬೀಳುತ್ತೆ, ಹನಿ ಪೂರ್ತಿ ಸುಡದೆ ಮಸಿ ಕಟ್ಟುತ್ತೆ, ಉರಿ ಒಂದೇ ಕಡೆ ವಾಲಿ ಅಲ್ಲಿನ ಬ್ಲೇಡ್ ಸುಡುತ್ತೆ. ಕಾಸಿ ಕೊಡಬೇಕು, ಇಲ್ಲ ಬಯೋಡೀಸೆಲ್ ಮಾಡಿ ಹಾಕಬೇಕು. ಕ್ರೈಸ್ಲರ್ ಕಾರಿಗೂ ಸೀಸ ಬೆರೆತ ಪೆಟ್ರೋಲ್ ಬೇಡ ಅಂತ ಹೇಳಿದ್ದರು, ಸೀಸದ ಕಿಟ್ಟ ಒಳಗೆ ಕೂರುತ್ತೆ ಅಂತ. ಆಗ ಅಮೆರಿಕದ ಬಂಕ್‌ಗಳಲ್ಲಿ ಸಿಗ್ತಿದ್ದದ್ದು ಬಹುಪಾಲು ಅದೇ.

ಇವಿ_ಮೈಸೂರು:
ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬ್ಯಾಟರಿ ಜೊತೆ ಹಾಕಿದರೆ ಟರ್ಬೈನಿಗೆ ಅರೆ ಲೋಡ್ ತಾಪತ್ರಯ ಇಲ್ಲ. ಒಂದೇ ವೇಗದಲ್ಲಿ ಓಡಿ ಚಾರ್ಜ್ ಮಾಡಿ ಆಫ್ ಆಗಲಿ. ಜಾಗ್ವಾರ್ 2010ರಲ್ಲಿ ತೋರಿಸಿದ ಸಿ-ಎಕ್ಸ್75ರಲ್ಲಿ ತಲಾ 70 ಕಿಲೋವ್ಯಾಟ್‌ನ ಎರಡು ಪುಟ್ಟ ಟರ್ಬೈನ್ ಇದ್ದವು.

ಪೀಣ್ಯ_ಟೂಲ್‌ರೂಮ್:
ಅದನ್ನ ಮಾರುಕಟ್ಟೆಗೆ ತರೋ ಮಾತು ಬಂದಾಗ 1.6 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಬದಲಾಯಿಸಿದರು, ಕೊನೆಗೆ ಯೋಜನೆಯನ್ನೇ ಬಿಟ್ಟರು. ಇಷ್ಟು ಸಣ್ಣ ಟರ್ಬೈನ್‌ನಲ್ಲಿ ನಿಜಕ್ಕೂ ಮಾರಾಟವಾದದ್ದು ಕ್ಯಾಪ್‌ಸ್ಟೋನ್ ಕಂಪನಿಯ 30 ಕಿಲೋವ್ಯಾಟ್ ಟರ್ಬೈನ್. ಹೈಬ್ರಿಡ್ ಬಸ್ಸುಗಳಲ್ಲಿ ಹಾಕಿದ್ದರು. 96,000 ಆರ್‌ಪಿಎಂ, ಎಣ್ಣೆ ಬೇಡದ ಗಾಳಿ ಬೇರಿಂಗ್, ರಿಕ್ಯೂಪರೇಟರ್ ಸಮೇತ. ಹೊಗೆ ತುಂಬಾ ಶುಭ್ರ, ಸರ್ವಿಸ್ ಅಂದರೆ ಫಿಲ್ಟರ್ ಬದಲಾಯಿಸೋದು. ಆದರೂ ದಕ್ಷತೆ 26%. ಒಳ್ಳೇ ಡೀಸೆಲ್ ಜನರೇಟರ್ 35ರಿಂದ 40 ಕೊಡುತ್ತೆ. ಅತ್ಯುತ್ತಮ ವೇಗದಲ್ಲಿ ಓಡಿದಾಗಲೂ ಹತ್ತು ಪಾಯಿಂಟ್ ಹಿಂದೆ. ಗಾತ್ರ ಚಿಕ್ಕದಾದಷ್ಟೂ ಸಂದಿನ ನಷ್ಟ ಜಾಸ್ತಿ ಅಂತ ಮೇಲೆ ಬರೆದದ್ದು ಇದಕ್ಕೇ.

ಇವಿ_ಮೈಸೂರು:
ತೂಕ, ನಡುಕ, ಸರ್ವಿಸ್ ಮೂರರಲ್ಲೂ ಗೆಲ್ಲುತ್ತಲ್ಲ. ದಿನದ ಓಟ ಬ್ಯಾಟರಿ ಮೇಲೆ, ತಿಂಗಳಿಗೊಮ್ಮೆ ದೂರದ ಊರಿಗೆ ಮಾತ್ರ ಟರ್ಬೈನ್ ಅಂದರೆ 26% ಸಾಕು. ನನ್ನ ವಾದ ಬಿಡಲ್ಲ.

ಥರ್ಮೋ_ಮೇಷ್ಟ್ರು:
ಆ ಬಳಕೆಗೆ ನಿಮ್ಮ ವಾದ ನಿಲ್ಲುತ್ತೆ, ಆದರೆ ತಿಂಗಳಿಗೊಮ್ಮೆ ಬೇಕಾದದ್ದಕ್ಕೆ ನಿಕ್ಕಲ್ ಮಿಶ್ರಲೋಹದ ಬೆಲೆ ಕೊಡೋರು ಸಿಗಬೇಕು.

ಫೈನಲ್‌ಇಯರ್_ಮೆಕ್:
ಸಾರ್, ಹಳೇ ಲಾರಿ ಟರ್ಬೋಚಾರ್ಜರ್‌ನಿಂದ ಟರ್ಬೈನ್ ಮಾಡಿ ಗೋ-ಕಾರ್ಟ್ ಓಡಿಸೋ ಪ್ರಾಜೆಕ್ಟ್ ಅಂದ್ಕೊಂಡಿದ್ದೀವಿ. ಏನೇನು ನೋಡ್ಕೋಬೇಕು?

ಪೀಣ್ಯ_ಟೂಲ್‌ರೂಮ್:
ಕಂಪ್ರೆಸರ್ ಚಕ್ರದ ಬಾಯಿ 50 ಮಿ.ಮೀ. ಅಂತ ಇಟ್ಕೊಳ್ಳಿ. ಫ್ಲೇಮ್ ಟ್ಯೂಬ್ (ಇಂಧನ ಉರಿಯೋ, ತೂತು ಕೊರೆದ ಕೊಳವೆ) ವ್ಯಾಸ ಅದರ ಎರಡು ಪಟ್ಟು, 100. ಉದ್ದ ಆರು ಪಟ್ಟು, 300. ತೂತುಗಳ ಒಟ್ಟು ವಿಸ್ತೀರ್ಣ ಬಾಯಿಯಷ್ಟೇ ಇರಲಿ, ಅಂದರೆ 19.6 ಚದರ ಸೆಂ.ಮೀ. ಮೊದಲ ಭಾಗಕ್ಕೆ 30%: 6 ಮಿ.ಮೀ. ತೂತು 21. ನಡುವೆ 20%: 8 ಮಿ.ಮೀ. ತೂತು 8. ಕೊನೆಗೆ 50%: 12 ಮಿ.ಮೀ. ತೂತು 9. ಮೊದಲ ಭಾಗದಲ್ಲಿ ಜಾಸ್ತಿ ತೂತು ಕೊರೆದರೆ ಉರಿ ಆರುತ್ತೆ, ಕೊನೆಯಲ್ಲಿ ಕಡಿಮೆ ಕೊರೆದರೆ ಟರ್ಬೈನ್ ಚಕ್ರ ಸುಡುತ್ತೆ.

ಬೇರಿಂಗ್ ಎಣ್ಣೆಗೆ ಎಲೆಕ್ಟ್ರಿಕ್ ಪಂಪ್, 2-3 ಬಾರ್ ಒತ್ತಡ. ವಾಪಸ್ ಬರೋ ಪೈಪು ದಪ್ಪ ಇರಲಿ, ನೇರ ಕೆಳಗೆ ಇಳಿಯಲಿ. ಅಲ್ಲಿ ಕಟ್ಟಿಕೊಂಡರೆ ಎಣ್ಣೆ ಸೀಲ್ ದಾಟಿ ಟರ್ಬೈನ್ ಕಡೆ ಹೋಗಿ ಹೊಗೆಯೋ ಹೊಗೆ. ಮೊದಲು ಎಣ್ಣೆ, ಆಮೇಲೆ ಬ್ಲೋವರ್, ಆಮೇಲೆ ಸ್ಪಾರ್ಕ್, ಕೊನೆಗೆ ಗ್ಯಾಸ್. ಈ ಕ್ರಮ ತಪ್ಪಿದರೆ ಎಕ್ಸಾಸ್ಟ್‌ನಿಂದ ಬೆಂಕಿ ಬರುತ್ತೆ. ಎಕ್ಸಾಸ್ಟ್‌ಗೆ ಶಾಖ ಅಳೆಯೋ ಥರ್ಮೋಕಪಲ್ ಹಾಕಿ, 650 ಡಿಗ್ರಿ ದಾಟಿದರೆ ಗ್ಯಾಸ್ ಕಟ್. ನಿಲ್ಲಿಸಿದ ಮೇಲೂ ತಣ್ಣಗಾಗೋ ತನಕ ಎಣ್ಣೆ ಪಂಪ್, ಬ್ಲೋವರ್ ಎರಡೂ ಓಡಲಿ. ಇಲ್ಲದಿದ್ದರೆ ಬೇರಿಂಗ್‌ನಲ್ಲಿ ಎಣ್ಣೆ ಸುಟ್ಟು ಕರಕಲಾಗಿ ಮುಂದಿನ ಸಲ ಶಾಫ್ಟ್ ತಿರುಗಲ್ಲ.

ಫೈನಲ್‌ಇಯರ್_ಮೆಕ್:
ಒಂದು ಗ್ಯಾಸ್ ಸಿಲಿಂಡರ್ ಸಾಕಾ ಸಾರ್? ಕಾರ್ಟ್ ಎಷ್ಟು ಸ್ಪೀಡ್ ಹೋಗಬಹುದು?

ಥರ್ಮೋ_ಮೇಷ್ಟ್ರು:
ಸೆಕೆಂಡಿಗೆ 0.2 ಕಿಲೋ ಗಾಳಿ ಅಂದರೆ ಗಂಟೆಗೆ 12 ಕಿಲೋ ಗ್ಯಾಸ್. ಒಂದು ಸಿಲಿಂಡರ್ ಅಷ್ಟು ವೇಗವಾಗಿ ಆವಿ ಕೊಡಲ್ಲ, ಹೊರಗೆ ಮಂಜು ಕಟ್ಟಿ ಒತ್ತಡ ಬೀಳುತ್ತೆ, ಉರಿ ಆರುತ್ತೆ. ಕಮರ್ಷಿಯಲ್ ಸಿಲಿಂಡರ್ ನಾಲ್ಕೈದು ಒಟ್ಟಿಗೆ ಜೋಡಿಸಿ, ಇಲ್ಲ ಸ್ಟಾರ್ಟ್ ಆದಮೇಲೆ ಡೀಸೆಲ್ ಸ್ಪ್ರೇಗೆ ಬದಲಾಯಿಸಿ. ಸಿಲಿಂಡರನ್ನ ಬಿಸಿ ಮಾಡೋಕೆ ಮಾತ್ರ ಹೋಗಬೇಡಿ.

ಸ್ಪೀಡ್ ಆಸೆ ಬಿಡಿ. ಆ ಗಾಳಿ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಬಂದರೂ ತಳ್ಳೋ ಬಲ 80 ನ್ಯೂಟನ್, 8 ಕಿಲೋ. ಚಕ್ರ ತಿರುಗಿಸಬೇಕು ಅಂದರೆ ಇನ್ನೊಂದು ಟರ್ಬೈನ್, 60,000 ಆರ್‌ಪಿಎಂನಿಂದ 3,000ಕ್ಕೆ ಇಳಿಸೋ 20:1 ಗೇರ್ ಬೇಕು. ಕಾಲೇಜು ವರ್ಕ್‌ಶಾಪಲ್ಲಿ ಆ ಗೇರ್ ಕತ್ತರಿಸೋಕೆ ಆಗಲ್ಲ. ಕಾರ್ಟ್ ಬದಲು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬಲ ಅಳೆಯೋ ಲೋಡ್ ಸೆಲ್‌ನಲ್ಲಿ ಥ್ರಸ್ಟ್ (ತಳ್ಳೋ ಬಲ) ಅಳೆಯಿರಿ, ಕಂಪ್ರೆಸರ್ ಮುಂದೆ ಹಿಂದೆ ಒತ್ತಡ ಮತ್ತು ಶಾಖ ಬರೆದುಕೊಂಡು ದಕ್ಷತೆ ಲೆಕ್ಕ ಹಾಕಿ. ಚಕ್ರ ತಿರುಗೋ ಸಮತಲದ ನೇರಕ್ಕೆ ಯಾರೂ ನಿಲ್ಲದ ಹಾಗೆ ಎರಡೂ ಪಕ್ಕ 6 ಮಿ.ಮೀ. ಉಕ್ಕಿನ ತಟ್ಟೆ ಹಾಕಿಸಿ, ಆಮೇಲೆ ಸ್ಟಾರ್ಟ್ ಮಾಡಿ.